ಹಳೆಯ ಡೀಸೆಲ್ ಪಿಕಪ್: ಐಡ್ಲಿಂಗ್ ತಾಳ ತಪ್ಪುವುದೇಕೆ?

ನಿಂತ ವಾಹನದ ಎಂಜಿನ್ ಒಂದೇ ಸಮನೆ ಓಡದೆ ಕುಂಟತೊಡಗಿದರೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸುವುದು ವಾಡಿಕೆ. ಇದರಿಂದ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗದು.

ಟಾಟಾ 207ರ ಹಳೆಯ ಮಾದರಿಗಳಂತೆ ಯಾಂತ್ರಿಕ ಇಂಜೆಕ್ಷನ್ ಪಂಪ್ ಉಳ್ಳ ಪಿಕಪ್‌ಗಳಲ್ಲಿ ಮೊದಲು ಶಂಕಿಸಬೇಕಾದದ್ದು ಗಾಳಿಯನ್ನು. ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಕೊಳವೆ ಬಿರುಕು ಬಿಟ್ಟರೆ ಇಂಧನ ಹೊರಗೆ ಸೋರಲೇಬೇಕೆಂದೇನಿಲ್ಲ, ಗಾಳಿ ಒಳನುಸುಳುತ್ತದೆ. ಪಂಪ್‌ಗೆ ಮುನ್ನ ಪಾರದರ್ಶಕ ಕೊಳವೆಯ ತುಂಡೊಂದನ್ನು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಗುಳ್ಳೆ ಇಲ್ಲವೆಂದರೆ ಸರದಿ ಸಿಲಿಂಡರ್‌ಗಳದು. ಅನುಭವಿ ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಕೊಂಚ ಸಡಿಲಿಸಿ, ಮತ್ತೆ ಬಿಗಿಯುತ್ತಾರೆ. ಎಂಜಿನ್ ಇನ್ನಷ್ಟು ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ಕಳ್ಳ ಸಿಕ್ಕಿದಂತೆ. ಬಳಿಕ ಎಂಜಿನ್ ನಿಲ್ಲಿಸಿ ಆ ಇಂಜೆಕ್ಟರನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಬೇಕು. ದೋಷವೂ ಜೊತೆಗೆ ಹೋದರೆ ಇಂಜೆಕ್ಟರ್ ಕೆಟ್ಟಿದೆ; ಅಲ್ಲೇ ಉಳಿದರೆ ವಾಲ್ವ್ ಅಂತರ, ಕಂಪ್ರೆಷನ್ ಹಾಗೂ ಪಂಪ್ ಪರೀಕ್ಷೆ ಅನಿವಾರ್ಯ.

ಕಾಮನ್ ರೈಲ್ ಎಂಜಿನ್‌ಗಳಲ್ಲಿ ಮಾತ್ರ ನಟ್ಟು ಸಡಿಲಿಸುವ ಈ ಪ್ರಯೋಗ ಸರ್ವಥಾ ಸಲ್ಲದು. ಅಲ್ಲಿನ ಒತ್ತಡ 1,000 ಬಾರ್ ಮೀರಬಲ್ಲದು. ಚಿಮ್ಮಿದ ಡೀಸೆಲ್ ಚರ್ಮದೊಳಗೆ ಹೊಕ್ಕರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ, ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ತಡವಾದರೆ ಬೆರಳೇ ಹೋದೀತು. ಅಂಥ ವಾಹನಗಳಿಗೆ ಸ್ಕ್ಯಾನರ್ ಜೋಡಿಸಿ, ಪ್ರತಿ ಇಂಜೆಕ್ಟರ್‌ಗೆ ಕಂಪ್ಯೂಟರ್ ಮಾಡುತ್ತಿರುವ ಇಂಧನ ತಿದ್ದುಪಡಿಯ ಪ್ರಮಾಣ ನೋಡುವುದೇ ಸುರಕ್ಷಿತ ಮಾರ್ಗ.