ನಸುಗುನ್ನಿಯ ಕಥೆ



ಇವತ್ತು ನಾನು ಮಾತಾಡುವುದು ಭತ್ತ, ಅಡಿಕೆಗಳ ವಿಷಯವಲ್ಲ. ನಾವು ಯಾರೂ ಬಿತ್ತದೆ, ನೀರು ಹಾಕದೆ, ಬೇಲಿ ಮೇಲೆ ತಾನಾಗಿ ಹಬ್ಬುವ ಒಂದು ಬಳ್ಳಿಯ ವಿಷಯ. ಎಲೆ ನೋಡಿದರೆ ಅವರೆಯ ಹಾಗೆ, ಮೂರು ಮೂರು. ಮಳೆಗಾಲ ಮುಗಿಯುತ್ತಾ ಬಂದಂತೆ ಕಡು ನೇರಳೆ ಬಣ್ಣದ ಹೂಗೊಂಚಲು ಜೋತು ಬೀಳುತ್ತದೆ. ಆಮೇಲೆ ಕಂಬಳಿಹುಳದಂತೆ ಮೈತುಂಬ ಕಂದು ರೋಮ ಹೊತ್ತ, ಸೊಟ್ಟಗಿನ ಕಾಯಿ. "ಮುಟ್ಟಬೇಡ್ವೋ ಮಾರಾಯ, ನಸುಗುನ್ನಿ!" ಎಂದು ದನ ಕಾಯುವ ಹುಡುಗರಿಗೆ ದೊಡ್ಡವರು ಕೂಗಿ ಹೇಳುವುದು ಇದನ್ನೇ.

ಈ ಬಳ್ಳಿಯ ಚರಿತ್ರೆ ಹೇಳುವುದಕ್ಕೆ ಕಾರಣ ಇದೆ. ಕೈಕಾಲು ನಡುಗುವ ಹಿರಿಯರಿರುವ ಮನೆಗಳಲ್ಲಿ "ನಸುಗುನ್ನಿ ಬೀಜದ ಪುಡಿ ಕೊಡಿ, ಒಳ್ಳೇದು" ಎಂಬ ಮಾತು ಓಡಾಡುತ್ತದೆ. ಆ ಮಾತಿನಲ್ಲಿ ನಿಜವೂ ಇದೆ, ಅಪಾಯವೂ ಇದೆ. ಎಷ್ಟು ನಿಜ, ಎಲ್ಲಿ ಅಪಾಯ ಎಂಬುದು ಅದರ ಚರಿತ್ರೆ ತಿಳಿದರೆ ತಾನಾಗಿ ತಿಳಿಯುತ್ತದೆ.

ಮೊದಲು ಹೆಸರು ನೋಡೋಣ. ಸಂಸ್ಕೃತದಲ್ಲಿ ಇದು ಕಪಿಕಚ್ಛು, ಅಂದರೆ ಕಪಿಗೂ ತುರಿಕೆ ತರುವುದು. ಇನ್ನೊಂದು ಹೆಸರು ಆತ್ಮಗುಪ್ತ, ತನ್ನನ್ನು ತಾನೇ ಕಾಪಾಡಿಕೊಳ್ಳುವುದು. ಮಲಯಾಳದಲ್ಲಿ ನಾಯ್ಕುರಣ, ತಮಿಳಿನಲ್ಲಿ ಪೂನೈಕ್ಕಾಲಿ. ಹಿಂದಿಯ ಕೇವಾಂಚ್ ಎಂಬ ಹೆಸರೇ ಇಂಗ್ಲಿಷರ ಬಾಯಲ್ಲಿ ಕೌಹೇಜ್ ಆಯಿತು. ಶಾಸ್ತ್ರಜ್ಞರು ಇಟ್ಟಿರುವ ಹೆಸರು ಮ್ಯುಕುನ ಪ್ರುರಿಯೆನ್ಸ್. ಪ್ರುರಿಯೆನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತುರಿಸುವುದು ಎಂದೇ ಅರ್ಥ. ನೋಡಿ, ಊರು ಊರಿನವರೂ ಈ ಗಿಡವನ್ನು ಮೊದಲು ಗುರುತಿಸಿದ್ದು ತುರಿಕೆಯಿಂದ!

ತುರಿಕೆ ಯಾಕೆ ಬರುತ್ತದೆ? ಕಾಯಿಯ ಮೇಲಿನ ರೋಮ ಒಂದೊಂದೂ ಸಣ್ಣ ಸೂಜಿ ಇದ್ದಹಾಗೆ. ಅದು ಚರ್ಮದಲ್ಲಿ ಚುಚ್ಚಿಕೊಂಡು ಮುರಿಯುತ್ತದೆ. ಅದರೊಳಗೆ ಮ್ಯುಕುನೈನ್ ಎಂಬ ಒಂದು ಕಿಣ್ವ ಇದೆ, ಅದೇ ಉರಿ ಮತ್ತು ತುರಿಕೆಗೆ ಮುಖ್ಯ ಕಾರಣ ಎಂದು 1955ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಆದ್ದರಿಂದ ಮೈಗೆ ತಾಗಿದಾಗ ಉಜ್ಜಬಾರದು. ಉಜ್ಜಿದಷ್ಟೂ ಸೂಜಿ ಒಳಗೆ ಇಳಿಯುತ್ತದೆ. ಕಲಸಿದ ಹಿಟ್ಟಿನ ಉಂಡೆಯನ್ನೋ ಅಂಟುಪಟ್ಟಿಯನ್ನೋ ಒತ್ತಿ ಎತ್ತಿದರೆ ರೋಮ ಅಂಟಿಕೊಂಡು ಬರುತ್ತದೆ. ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ, ಬಟ್ಟೆ ಬದಲಾಯಿಸಿ. ಸಗಣಿ ಬಳಿಯುವುದುಂಟು, ತುರಿಸಿ ಗಾಯವಾದ ಮೈಗೆ ಸಗಣಿ ಬೇಡ, ಧನುರ್ವಾಯು ತಗಲೀತು. ಕಣ್ಣಿಗೆ ಬಿದ್ದರೆ ಚೆನ್ನಾಗಿ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಈ ರೋಮವನ್ನೂ ಮದ್ದು ಮಾಡಿದವರಿದ್ದಾರೆ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ವಿಲಿಯಂ ಚೇಂಬರ್ಲೇನ್ ಎಂಬ ಶಸ್ತ್ರವೈದ್ಯ, ರೋಮವನ್ನು ಕಾಕಂಬಿಯಂಥ ಪಾಕದಲ್ಲಿ ಕಲಸಿ ಜಂತುಹುಳಕ್ಕೆ ಕೊಡಬಹುದೆಂದು ಪುಸ್ತಕವನ್ನೇ ಬರೆದ. ಹುಳಕ್ಕೆ ರೋಮ ಚುಚ್ಚಿ ಅದು ಹೊರಬೀಳುತ್ತದೆಂಬ ಲೆಕ್ಕ. ಇದು ಚರಿತ್ರೆಯ ಮಾತು, ಈಗ ಯಾರೂ ಮಾಡತಕ್ಕದ್ದಲ್ಲ. ಜಂತುಹುಳದ ಮಾತ್ರೆಯನ್ನು ಈಗ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳಿಗೆ ಕೊಡುತ್ತಾರೆ.

ನಮ್ಮ ದೇಶದ ವೈದ್ಯರು ರೋಮಕ್ಕಿಂತ ಹೆಚ್ಚಾಗಿ ಬೀಜಕ್ಕೆ ಬೆಲೆ ಕೊಟ್ಟರು. ಚರಕ, ಸುಶ್ರುತರ ಗ್ರಂಥಗಳಲ್ಲಿ ಆತ್ಮಗುಪ್ತದ ಹೆಸರಿದೆ. ದೇಹಬಲಕ್ಕೆ, ವೀರ್ಯವೃದ್ಧಿಗೆ, ವಾತದ ಕಾಯಿಲೆಗಳಿಗೆ ಇದರ ಬೀಜ ಹೇಳಿದೆ. ಬೀಜವನ್ನು ಹಾಗೇ ಹಸಿಯಾಗಿ ಪುಡಿ ಮಾಡಿ ಕೊಡುವ ಪದ್ಧತಿ ಅವರದಲ್ಲ. ಹಸುವಿನ ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒಣಗಿಸಿ, ಆಮೇಲೆ ಪುಡಿ. ಇದಕ್ಕೆ ಶೋಧನೆ ಎನ್ನುತ್ತಾರೆ. ಗ್ರಂಥಿಗೆ ಅಂಗಡಿಯಿಂದ ಬೀಜ ತಂದು ಒರಳಿಗೆ ಹಾಕಿ ಕುಟ್ಟುವವರು ಈ ಮಾತನ್ನು ಮರೆಯುತ್ತಾರೆ.

ಘಟ್ಟದ ಕೆಳಗೆ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ ಎಂಬಾತ ಮಲಬಾರಿನ ಗಿಡಮೂಲಿಕೆಗಳ ದೊಡ್ಡ ಗ್ರಂಥ ಮಾಡಿಸಿದ. 'ಹೋರ್ಟಸ್ ಮಲಬಾರಿಕಸ್' ಎಂದು ಅದರ ಹೆಸರು. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ಅದಕ್ಕೆ ತಮ್ಮ ತಿಳಿವಳಿಕೆ ಕೊಟ್ಟರು. ನಾಯ್ಕುರಣ ಎಂಬ ಹೆಸರಿನಲ್ಲಿ ನಮ್ಮ ನಸುಗುನ್ನಿಯೂ ಆ ಗ್ರಂಥದಲ್ಲಿ ಸೇರಿದೆ. ಹೀಗೆ ಬೇಲಿಯ ಬಳ್ಳಿ ಯೂರೋಪಿನ ಪಂಡಿತರ ಮೇಜಿಗೆ ಹೋಯಿತು.

ಆದರೆ ಬೀಜದೊಳಗೆ ಏನಿದೆ ಎಂದು ಕಂಡುಹಿಡಿದದ್ದು ನಮ್ಮವರೇ. 1937ರಲ್ಲಿ ಮದರಾಸಿನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಈ ಬೀಜದಿಂದ ಎಲ್-ಡೋಪ ಎಂಬ ವಸ್ತುವನ್ನು ಬೇರ್ಪಡಿಸಿದರು. ನಡುಕಕ್ಕೂ ಈ ವಸ್ತುವಿಗೂ ಇರುವ ನಂಟು ಆಗ ಯಾರಿಗೂ ತಿಳಿದಿರಲಿಲ್ಲ. ಈ ನಡುಕದ ಕಾಯಿಲೆಯನ್ನು 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ ವರ್ಣಿಸಿದ್ದ. ಮಿದುಳಿನಲ್ಲಿ ಡೋಪಮೈನ್ ಎಂಬ ವಸ್ತು ಕಡಿಮೆಯಾಗುವುದೇ ಇದರ ಮೂಲ ಎಂದು ತಿಳಿದದ್ದು 1960ರ ಹೊತ್ತಿಗೆ. ಎಲ್-ಡೋಪ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. 1967ರಲ್ಲಿ ಅಮೆರಿಕದ ಕೋಟ್ಜಿಯಾಸ್ ಎಂಬ ವೈದ್ಯ ಅದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಬಾಯಿಯ ಮೂಲಕ ಕೊಟ್ಟು, ಏಳಲಾರದವರು ಎದ್ದು ನಡೆಯುವಂತೆ ಮಾಡಿದ. ಇವತ್ತಿಗೂ ಈ ಕಾಯಿಲೆಗೆ ಮುಖ್ಯ ಮಾತ್ರೆ ಅದೇ, ಜೊತೆಗೆ ಇನ್ನೊಂದು ಮದ್ದು ಸೇರಿಸಿರುತ್ತಾರೆ.

ಹಾಗಾದರೆ ಮಾತ್ರೆ ಯಾಕೆ, ಬೀಜವೇ ಸಾಲದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೈದ್ಯರೂ ಕೇಳಿಕೊಂಡಿದ್ದಾರೆ. ಮಾತ್ರೆ ಕೊಳ್ಳಲಾಗದ ಬಡವರಿಗೆ ಸಿಗಲೆಂದು ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ 18 ರೋಗಿಗಳಿಗೆ ಹುರಿದ ಬೀಜದ ಪುಡಿ ಕೊಟ್ಟು ನೋಡಿದರು. ಒಂದೊಂದು ಸಲದ ಪ್ರಮಾಣದಲ್ಲಿ ಪುಡಿಯೂ ಮಾತ್ರೆಯಂತೆ ಕೆಲಸ ಮಾಡಿತೆಂದು 2017ರಲ್ಲಿ ಪ್ರಕಟಿಸಿದರು. ಮರುವರ್ಷ ದಿನವೂ ಕೊಟ್ಟು ನೋಡಿದ ವರದಿ ಬಂತು. 14 ಜನರಲ್ಲಿ 7 ಜನ ನಡುವೆಯೇ ಬಿಟ್ಟರು. ಕೆಲವರಿಗೆ ಹೊಟ್ಟೆ ತಡೆಯಲಿಲ್ಲ, ಕೆಲವರಿಗೆ ನಡಿಗೆ ಚಲನೆ ಇನ್ನೂ ಕೆಟ್ಟಿತು. ಗುಣ ಇದೆ, ಆದರೆ ಎಲ್ಲರ ಮೈಗೂ ಒಗ್ಗುವುದಿಲ್ಲ.

ಅಷ್ಟೇ ಅಲ್ಲ, ಒಂದು ಬೀಜದಲ್ಲಿ ಇರುವಷ್ಟು ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ಬಳ್ಳಿ ಬೇರೆ, ಮಣ್ಣು ಬೇರೆ. ಮಾತ್ರೆಯಲ್ಲಿ ತೂಕ ಬರೆದಿರುತ್ತದೆ, ಬೀಜದ ಮೇಲೆ ಬರೆದಿರುವುದಿಲ್ಲ. ಆಸ್ಪತ್ರೆಯ ಮಾತ್ರೆಯನ್ನೂ ನುಂಗಿ, ಮನೆಯವರು ಕೊಟ್ಟ ಪುಡಿಯನ್ನೂ ತಿಂದರೆ ಒಂದೇ ಮದ್ದು ಎರಡು ಪಟ್ಟು ಆದಂತೆ. ವಾಂತಿ, ಎದ್ದು ನಿಂತರೆ ತಲೆ ಸುತ್ತಿ ಬೀಳುವುದು, ಕೈಕಾಲು ತಾನಾಗಿ ತಿರುಚಿಕೊಳ್ಳುವುದು, ಇಲ್ಲದ್ದು ಕಣ್ಣಿಗೆ ಕಾಣುವುದು, ಇವೆಲ್ಲ ಆಗಬಹುದು. "ಅಜ್ಜಯ್ಯಂಗೆ ಅರಳುಮರಳು" ಎಂದು ನಾವು ಸುಮ್ಮನಿದ್ದುಬಿಟ್ಟರೆ ಅಪಾಯ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಆಫ್ರಿಕದ ಮೊಜಾಂಬಿಕ್ ದೇಶದ್ದು. ಅಲ್ಲಿನ ಬಡವರು ಬರಗಾಲದಲ್ಲಿ ಈ ಬೀಜ ಬೇಯಿಸಿ ತಿನ್ನುತ್ತಾರೆ. ಮತ್ತೆ ಮತ್ತೆ ಬೇಯಿಸಿ, ನೀರು ಚೆಲ್ಲಿ, ವಿಷ ಕಳೆದು ತಿನ್ನುವುದು ರೂಢಿ. ನಮ್ಮ ಪಶ್ಚಿಮಘಟ್ಟದ ದಕ್ಷಿಣ ಭಾಗದ ಕಾಣಿಕ್ಕಾರರೂ ಹೀಗೆಯೇ ಹಲವು ನೀರು ಬಸಿದು ತಿನ್ನುತ್ತಿದ್ದರು. 1989ರಲ್ಲಿ ಮೊಜಾಂಬಿಕ್‌ನಲ್ಲಿ ಒಳಯುದ್ಧ, ಅದರ ಮೇಲೆ ನೀರಿನ ಅಭಾವ. ನೀರು ಬಸಿಯುವುದಕ್ಕೆ ನೀರೇ ಇಲ್ಲ. ಇನ್ನೂರಕ್ಕೂ ಹೆಚ್ಚು ಜನಕ್ಕೆ ಬುದ್ಧಿ ಭ್ರಮಣೆಯಾಯಿತು. ನಡುಗುವವನಿಗೆ ಮದ್ದಾದ ವಸ್ತುವೇ ಹಸಿದವನಿಗೆ ವಿಷವಾಯಿತು. ಹಿಂದಿನವರು ಇಟ್ಟಿದ್ದ ಕ್ರಮ ಬರೀ ಶಾಸ್ತ್ರಕ್ಕಲ್ಲ, ಅದರಲ್ಲೇ ಪ್ರಾಣ ಇತ್ತು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಬೇಸಾಯದ ಮಾತು. ಅವರೆಯ ಜಾತಿಯಾದ್ದರಿಂದ ಇದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ತುರಿಕೆಯ ರೋಮ ಇಲ್ಲದ ತಳಿಯನ್ನು 20ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರೈತರು ಮೆಕ್ಕೆಜೋಳದ ಜೊತೆಗೆ ಹಸಿರುಗೊಬ್ಬರಕ್ಕೂ ದನದ ಮೇವಿಗೂ ಬೆಳೆದರು. ಸೋಯಾ ಅವರೆ, ಅಗ್ಗದ ರಾಸಾಯನಿಕ ಗೊಬ್ಬರ ಬಂದ ಮೇಲೆ ಅದು ಹಿಂದೆ ಸರಿಯಿತು. ನಮ್ಮ ಕಡೆಯ ರಬ್ಬರ್ ತೋಟಗಳಲ್ಲಿ ನೆಲ ಮುಚ್ಚಲು ಹಬ್ಬಿಸುವ ಮ್ಯುಕುನ ಇದೇ ಕುಲದ ಇನ್ನೊಂದು ಬಳ್ಳಿ. ಕಳೆ ತಡೆಯುತ್ತದೆ, ಮಣ್ಣು ಕೊಚ್ಚಿಹೋಗುವುದನ್ನು ನಿಲ್ಲಿಸುತ್ತದೆ. ಆದರೆ ಎಳೆ ಗಿಡಕ್ಕೆ ಸುತ್ತಿ ಹತ್ತಿದರೆ ಕೂಡಲೇ ಬಿಡಿಸಿ ಕತ್ತರಿಸಬೇಕು.

ಮನೆಯಲ್ಲಿ ನೆನಪಿಡುವುದು ಇಷ್ಟು. ಬೇಲಿಯ ಬಳ್ಳಿಯನ್ನು ಕಾಯಿ ಬಲಿತು ಒಣಗುವ ಮೊದಲೇ ಕಡಿಯಿರಿ. ಒಣಗಿದ ಮೇಲೆ ಗಾಳಿ ಬೀಸುವಾಗ ಹತ್ತಿರ ಸುಳಿಯಬೇಡಿ. ಬೀಜವನ್ನು ಕಾಳಿನಂತೆ ಬೇಯಿಸಿ ತಿನ್ನಬೇಡಿ. ಹಿರಿಯರಿಗೆ ನಡುಕ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನಡುಕವೆಲ್ಲ ಒಂದೇ ಕಾಯಿಲೆಯಲ್ಲ. ಆಯುರ್ವೇದದ ಪಂಡಿತರಲ್ಲಿ ಹೋದರೆ ನುಂಗುತ್ತಿರುವ ಮಾತ್ರೆಯ ಚೀಟಿ ತೋರಿಸಿ. ಡಾಕ್ಟರ ಹತ್ತಿರ ಹೋದರೆ ಪುಡಿ ತಿನ್ನುತ್ತಿದ್ದುದನ್ನು ಮುಚ್ಚಿಡಬೇಡಿ. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ.

ನಮ್ಮ ಹಿರಿಯರು ನಸುಗುನ್ನಿಯನ್ನು ದೂರವೂ ಇಟ್ಟರು, ಬೇಕಾದಾಗ ಬಳಸಿಯೂ ಕೊಂಡರು. ಎರಡಕ್ಕೂ ನಡುವೆ ಇದ್ದದ್ದು ಅಳತೆ. ಗಿಡ ಬೇಲಿಯಲ್ಲಿ ಉಳಿದಿದೆ. ಅಳತೆ ನಮ್ಮ ಕೈ ತಪ್ಪದಿರಲಿ.