ಅಳತೆಗೆ ಸಿಕ್ಕ ನೆತ್ತರು

ನಮ್ಮ ರಾಯಚೂರಿನ ಚರಿತ್ರೆ ಓದಿದರೆ ಪುಟಪುಟಕ್ಕೂ ನೆತ್ತರು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಆದಿಲಶಾಹಿ ಸೈನ್ಯವನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ ಕಥೆಯನ್ನು ಪೋರ್ಚುಗೀಸ ನ್ಯೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಆನೆ ಎಷ್ಟು, ಕುದುರೆ ಎಷ್ಟು, ಸತ್ತವರೆಷ್ಟು ಎಂಬ ಲೆಕ್ಕವೂ ಅದರಲ್ಲಿದೆ. ಆದರೆ ಇದೇ ನೆಲದ ಮನೆಗಳಲ್ಲಿ, ಹೆರಿಗೆಯ ಕೋಣೆಯ ಕತ್ತಲಲ್ಲಿ ಹರಿದ ನೆತ್ತರಿನ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬರೆಯುವುದಿರಲಿ, ಅದನ್ನು ಅಳೆಯಬೇಕೆಂದು ಕೂಡ ಬಹುಕಾಲ ಯಾರಿಗೂ ಅನಿಸಲಿಲ್ಲ. ಹಾಗೆ ಅಳೆದವರ ಕಥೆಯನ್ನು ಹೇಳಬೇಕೆಂದು ನಾನು ಇಲ್ಲಿ ಕುಳಿತಿದ್ದೇನೆ.

ನನ್ನ ತವರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ಅವ್ವನ ತವರು ದೇವದುರ್ಗದ ಕಡೆ. ಅವ್ವನ ತಂಗಿ, ನನ್ನ ಚಿಗವ್ವ, ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಮುಂಜಾನೆ ಕೂಸು ಹುಟ್ಟಿತು, ಚೆನ್ನಾಗಿ ಅತ್ತಿತು. ಮನೆಯವರೆಲ್ಲ ಕೂಸಿನ ಸುತ್ತ ಸೇರಿದರು. ಊಟದ ಹೊತ್ತಿಗೆ ಚಿಗವ್ವನ ಮುಖ ಬಿಳಿಚಿತ್ತು. ಗಾಡಿ ಹೂಡುವಷ್ಟರಲ್ಲಿ ಮುಗಿದುಹೋಗಿತ್ತು. ಮುಂದೆ ನಾನು ದೊಡ್ಡವಳಾದ ಮೇಲೆ ನಮ್ಮ ಅಜ್ಜಿಯನ್ನು ಈ ಬಗ್ಗೆ ಕೇಳಿದ್ದೆ. "ಹಡದಾಕಿಗೆ ನೆತ್ತರ ಹೋಗೂದು ಹೊಸಾದೇನಬೇ? ಕೆಟ್ಟ ನೆತ್ತರ, ಹೋದಷ್ಟೂ ಛಲೋ ಅಂತಿದ್ರು. ಎಷ್ಟು ಹೋತು ಅಂತ ಯಾರಿಗೆ ತಿಳೀಬೇಕು? ಎಲ್ಲಾ ಕೌದಿ ಕುಡಿತು" ಎಂದಳು.

ಎಲ್ಲಾ ಕೌದಿ ಕುಡಿಯಿತು! ಅಜ್ಜಿಯ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಕೌದಿ ಎಷ್ಟು ಬೇಕಾದರೂ ಕುಡಿಯುತ್ತದೆ. ಮೇಲೆ ನೋಡಿದರೆ ಒಂದು ಕಲೆ, ಅಷ್ಟೇ.

ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋಗುವುದು ಸಹಜ. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿಹಿಡಿದಂತೆ ಗಟ್ಟಿಯಾಗಬೇಕು. ಹಾಗೆ ಬಿಗಿದಾಗ ಒಳಗೆ ಬಾಯ್ತೆರೆದ ರಕ್ತನಾಳಗಳು ಹಿಂಡಿದಂತಾಗಿ ಮುಚ್ಚಿಕೊಳ್ಳುತ್ತವೆ. ಯಾವ ಕಾರಣಕ್ಕೋ ಮುಷ್ಟಿ ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ ಎಂದ ಮೇಲೆ, ಎಚ್ಚರ ತಪ್ಪಿದರೆ ಏನಾದೀತು ಎಂಬುದನ್ನು ನೀವೇ ಊಹಿಸಬಹುದು. ಅರ್ಧ ಲೀಟರು, ಅಂದರೆ 500 ಮಿಲಿಲೀಟರು ದಾಟಿದರೆ ವೈದ್ಯರು ಅದನ್ನು ಅತಿ ರಕ್ತಸ್ರಾವ ಎನ್ನುತ್ತಾರೆ. ತಾಯಂದಿರ ಸಾವಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣಗಳಲ್ಲೊಂದು ಇದೇ. ಜೀವ ಹೋಗಲು ಎರಡು ಗಂಟೆ ಸಾಕು.

ಎರಡು ಗಂಟೆ! ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಹಳ್ಳಿಯಿಂದ ತಾಲ್ಲೂಕಿಗೆ ಗಾಡಿ, ಅಲ್ಲಿಂದ ಬಸ್ಸು ಎಂದಿದ್ದ ಕಾಲದಲ್ಲಿ ಆ ಎರಡು ಗಂಟೆ ದಾರಿಯಲ್ಲೇ ಮುಗಿಯುತ್ತಿತ್ತು. ಗರ್ಭಕೋಶವನ್ನು ಗಟ್ಟಿ ಮಾಡುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಎಷ್ಟೋ ವರ್ಷಗಳಿಂದ ಇತ್ತು, ನಿಜ. ಆದರೆ ಅದನ್ನು ಫ್ರಿಜ್ಜಿನಲ್ಲಿ ತಣ್ಣಗಿಡಬೇಕು, ಚುಚ್ಚಲು ಬಲ್ಲವರಿರಬೇಕು. ನಮ್ಮ ಬೇಸಿಗೆಯೋ ನಲವತ್ತು ಡಿಗ್ರಿ ದಾಟುವಂಥದು. 1985ರಿಂದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ನಾಡಿಗೆಲ್ಲ ದೀಪ ಹಚ್ಚಿದರೂ ಪಕ್ಕದ ಹಳ್ಳಿಗಳಲ್ಲಿ ಕರೆಂಟು ಬಂದು ಹೋಗುವ ನೆಂಟನಂತಿತ್ತು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. ಅಂಥ ಊರಿನ ಮನೆಯಲ್ಲಿ ಹಡೆಯುವವಳಿಗೆ ಫ್ರಿಜ್ಜಿನ ಔಷಧ ಇದ್ದೂ ಇಲ್ಲದಂತೆ.

ಫ್ರಿಜ್ಜೂ ಬೇಡದ, ಸೂಜಿಯೂ ಬೇಡದ ಔಷಧವಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮದೇ ಉತ್ತರ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಬೆಳಗಾವಿಯ ಹಳ್ಳಿಗಳಲ್ಲಿ. ಅಲ್ಲಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಪ್ರಸೂತಿ ವಿಭಾಗದ ಪ್ರಾಧ್ಯಾಪಕ ಡಾ. ಬಿ. ಎಸ್. ಕೊಡ್ಕಣಿ, ಅದೇ ಕಾಲೇಜಿನ ಡಾ. ಶಿವಪ್ರಸಾದ ಗೌಡರ, ಡಾ. ಎಂ. ಬಿ. ಬೆಲ್ಲದ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡನೆ ಸೇರಿ 2002ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. ಅವರು ಆರಿಸಿಕೊಂಡದ್ದು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ. ಅದು ಹುಟ್ಟಿದ್ದು ಹೊಟ್ಟೆಹುಣ್ಣಿಗೆಂದು. ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆಂಬುದು ವೈದ್ಯರಿಗೆ ತಿಳಿದಿತ್ತು. ಆದರೆ ಹಳ್ಳಿಯ ಮನೆಯಲ್ಲಿ, ವೈದ್ಯರಿಲ್ಲದ ಕಡೆ, ಅದು ತಾಯಿಯನ್ನು ಕಾಯಬಲ್ಲದೆ? ಅದಕ್ಕೆ ಸಾಕ್ಷಿ ಬೇಕಿತ್ತು.

ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಎಂದರೆ ಹೆರಿಗೆ ಮಾಡಿಸಿದವರೂ ಮಾತ್ರೆ ಕೊಟ್ಟವರೂ ರಕ್ತ ಅಳೆದವರೂ ದೊಡ್ಡ ಡಾಕ್ಟರರಲ್ಲ, 25 ಮಂದಿ ಎ.ಎನ್.ಎಂ.ಗಳು. ನಾವು ನರ್ಸಮ್ಮ ಎಂದು ಕರೆಯುತ್ತೇವಲ್ಲ, ಬಿಸಿಲಲ್ಲಿ ಚೀಲ ಹೊತ್ತು ಮನೆ ಮನೆ ತಿರುಗುವ ಆ ಹೆಣ್ಣುಮಕ್ಕಳು.

ಅಳೆಯುವುದಕ್ಕೆಂದೇ ಅವರ ಕೈಗೆ ಒಂದು ಪ್ಲಾಸ್ಟಿಕ್ ಹಾಳೆ ಬಂತು. ಹಡೆದವಳ ಕೆಳಗೆ ಹಾಸುವ ಈ ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ. ಚೀಲದ ಮೇಲೆ ಹಾಲಿನ ಅಳತೆಪಾತ್ರೆಯಲ್ಲಿರುವಂತೆ ಗೆರೆಗಳು. ರೂಪಿಸಿದ ಏಳು ಮಂದಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಟ್ಟರು. ಕೂಸು ಹುಟ್ಟಿದ ಕೂಡಲೇ ಹಾಸಿ ಕಡಿಮೆ ಎಂದರೆ ಒಂದು ಗಂಟೆ, ರಕ್ತ ನಿಲ್ಲದಿದ್ದರೆ ಎರಡು ಗಂಟೆ ಅಳೆಯುತ್ತಿದ್ದರು. ಕಣ್ಣಂದಾಜಿಗೂ ಈ ಹಾಳೆಯ ಅಳತೆಗೂ ಎಷ್ಟು ವ್ಯತ್ಯಾಸ ಎಂಬುದನ್ನೂ ಬೆಳಗಾವಿಯಲ್ಲೇ ಬೇರೆಯಾಗಿ ಪರೀಕ್ಷಿಸಿದರು. ಕಣ್ಣಂದಾಜು ನೂರಕ್ಕೆ 33ರಷ್ಟು ಕಡಿಮೆ ಇತ್ತು! ಪಳಗಿದ ಕಣ್ಣುಗಳೇ ಮೂರರಲ್ಲಿ ಒಂದು ಪಾಲನ್ನು ಕಾಣದೆ ಬಿಡುತ್ತಿದ್ದವೆಂದರೆ, ನಮ್ಮ ಕೌದಿಯ ಮಾತೇನು?

2005ರ ಕೊನೆಯ ಹೊತ್ತಿಗೆ 1620 ಹೆಂಗಸರ ಹೆರಿಗೆಗಳ ಲೆಕ್ಕ ಸೇರಿತು. ಅವರಲ್ಲಿ 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಅದರಂತೆಯೇ ಇದ್ದ, ಔಷಧವಿಲ್ಲದ ಮಾತ್ರೆ. ಯಾರದು ಯಾವುದೆಂದು ಕೊಡುವವಳಿಗೂ ಗೊತ್ತಿಲ್ಲ, ನುಂಗುವವಳಿಗೂ ಗೊತ್ತಿಲ್ಲ. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ 6.4. ಒಂದು ಲೀಟರು ಮೀರುವ ಭೀಕರ ಸ್ರಾವ ನೂರಕ್ಕೆ 1.2 ಇದ್ದದ್ದು 0.2ಕ್ಕೆ ಇಳಿಯಿತು. ಹದಿನೆಂಟು ಹೆಂಗಸರಿಗೆ ಮಾತ್ರೆ ಕೊಟ್ಟರೆ ಒಬ್ಬಳನ್ನು ಅತಿ ರಕ್ತಸ್ರಾವದಿಂದ ಉಳಿಸಿದಂತೆ. ನಡುಕ, ಜ್ವರ ಕೆಲವರಿಗೆ ಬಂದವು, ಹೊತ್ತು ಕಳೆದಂತೆ ಹೋದವು. 2006ರ ಅಕ್ಟೋಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು.

ಅರ್ಧದಷ್ಟು ಹೆಂಗಸರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಎದ್ದಿರಬಹುದು. ನನ್ನ ಮನಸ್ಸಿನಲ್ಲಿ ಎದ್ದಿತ್ತು. ಆ 808 ಮಂದಿಯೂ ಯಾರದೋ ಚಿಗವ್ವಂದಿರೇ. ಆದರೆ ಅಂಥ ಹಳ್ಳಿಯ ಹೆರಿಗೆಗಳಿಗೆ ಅದುವರೆಗೆ ಯಾವ ಔಷಧವೂ ಮುಟ್ಟುತ್ತಿರಲಿಲ್ಲ. ಈ ಎರಡೂ ಗುಂಪಿನವರ ಪಕ್ಕದಲ್ಲಿ ಕಡೆಯ ಪಕ್ಷ ತರಬೇತಿ ಪಡೆದ ನರ್ಸಮ್ಮ, ರಕ್ತ ಅಳೆಯುವ ಹಾಳೆ ಇದ್ದವು. ಈ ಸಮಾಧಾನ ಸಾಕೇ? ನನಗೆ ಪೂರ್ತಿ ಸಾಲದು. ಒಂದು ಮಾತು ಮಾತ್ರ ನಿಜ: ಇಂದು ಜಗತ್ತಿನಲ್ಲಿ ಈ ಮಾತ್ರೆಯಿಂದ ಬದುಕಿದ ಪ್ರತಿ ತಾಯಿಯೂ ಬೆಳಗಾವಿಯ ಆ 1620 ಹೆಂಗಸರಿಗೆ ಋಣಿ. ಅವರ ಹೆಸರು ಯಾವ ಶಿಲಾಶಾಸನದಲ್ಲೂ ಇಲ್ಲ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಹಾಳೆಯೂ ಸುಮ್ಮನೆ ಕೂರಲಿಲ್ಲ. ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥ ಹಾಳೆಯಿಂದ ರಕ್ತ ಅಳೆದು, ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ಭೀಕರ ಸ್ರಾವ ಮೊದಲಾದ ಅನಾಹುತಗಳು ನೂರಕ್ಕೆ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿಯಾಯಿತು. ಇತ್ತ ಬೆಳಗಾವಿಯವರು ಬೇರೆ ದೇಶಗಳ ಜೊತೆಗೂಡಿ ಆಸ್ಪಿರಿನ್‌ನತ್ತ ತಿರುಗಿದರು. ಚೊಚ್ಚಲ ಬಸುರಿಯರು ಮೊದಲ ತಿಂಗಳುಗಳಿಂದಲೇ ವೈದ್ಯರ ನಿಗಾದಲ್ಲಿ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡರೆ ದಿನ ತುಂಬದ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯುತ್ತದೆಂದು 2020ರಲ್ಲಿ ತೋರಿಸಿದರು.

ನಮ್ಮ ರಾಯಚೂರೂ ಮೊದಲಿನಂತಿಲ್ಲ. 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, 2008ರಲ್ಲಿ 108ರ ಗಾಡಿ ಬಂತು, ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದಳು. ಕರ್ನಾಟಕದಲ್ಲಿ ಲಕ್ಷ ಜನನಗಳಿಗೆ 2001–03ರಲ್ಲಿ 228 ಇದ್ದ ತಾಯಂದಿರ ಸಾವು 2018–20ಕ್ಕೆ 69ಕ್ಕೆ ಇಳಿಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಮೈಯಲ್ಲಿ ರಕ್ತ ತುಂಬಿದವಳು ಅರ್ಧ ಲೀಟರು ಕಳೆದುಕೊಂಡರೂ ಚೇತರಿಸಿಕೊಂಡಾಳು. ದೇವದುರ್ಗದಿಂದ ಗುಳೆ ಹೋಗಿ ಇಟ್ಟಿಗೆ ಹೊತ್ತು, ಹಡೆಯಲು ಊರಿಗೆ ಮರಳಿದವಳಿಗೆ ಅಷ್ಟೇ ನೆತ್ತರು ಪ್ರಾಣದ ಬೆಲೆ. ಕಬ್ಬಿಣದ ಮಾತ್ರೆಯನ್ನು 'ಕೂಸು ಕಪ್ಪಾಗುತ್ತದೆ' ಎಂದು ತಿಪ್ಪೆಗೆ ಎಸೆಯುವ ಅತ್ತೆಯಂದಿರು ಇನ್ನೂ ಇದ್ದಾರೆ, ನಗರದಲ್ಲೂ ಇದ್ದಾರೆ.

ಮಿಸೊಪ್ರೊಸ್ಟಾಲ್ ಅಂಗಡಿಯಿಂದ ತಂದು ನಾವೇ ಕೊಡುವ ವಸ್ತುವಲ್ಲ; ಕೂಸು ಹುಟ್ಟುವ ಮುನ್ನ ತಪ್ಪಿ ಕೊಟ್ಟರೆ ಗರ್ಭಕೋಶವೇ ಹರಿದೀತು. ಆದರೆ ಹೆಣ್ಣುಮಕ್ಕಳಾದ ನಾವು ಮಾಡಬಹುದಾದ ಕೆಲಸವೊಂದಿದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು ಹಟ ಹಿಡಿಯೋಣ. ರಕ್ತ ನಿಲ್ಲುವ ಔಷಧ ಕೊಟ್ಟಿರಾ, ಎಷ್ಟು ಹೋಗಿದೆ ಎಂದು ಅಳೆದಿರಾ ಎಂದು ಸಂಕೋಚವಿಲ್ಲದೆ ಕೇಳೋಣ. ಮನೆಯವರಲ್ಲಿ ಒಬ್ಬಳಾದರೂ ಕೂಸನ್ನು ಉಳಿದವರಿಗೆ ಬಿಟ್ಟು, ಆ ಮೊದಲ ಎರಡು ಗಂಟೆ ಹಡೆದವಳ ಮುಖ ನೋಡುತ್ತ, ಬಟ್ಟೆ ಎಷ್ಟು ಬೇಗ ನೆನೆಯುತ್ತಿದೆ ಎಂದು ಗಮನಿಸುತ್ತ ಪಕ್ಕದಲ್ಲಿ ಕೂರಲಿ. ಅವಳಿಗೆ ಬೆವರು ಬಂದರೆ, ತಲೆ ತಿರುಗಿದರೆ, 'ಹಡೆದ ಸುಸ್ತು' ಎಂದು ಸುಮ್ಮನಾಗದೆ ಎದ್ದು ಹೋಗಿ ನರ್ಸಮ್ಮನನ್ನು ಕರೆದು ತರಲಿ.