ಅಂಕದಾಚೆಯ ಪ್ರಶ್ನೆ

ಫಲಿತಾಂಶದ ದಿನ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಮೊದಲು ಕೇಳಿಬರುವುದು "ಮಾರ್ಕ್ ಎಷ್ಟ್ ಬಂತ್?" ಎಂಬ ಮಾತು. ಅಂಕ ಕಡಿಮೆಯಾದವರ ಮನಸ್ಸಿನ ಪಾಡನ್ನು ವಿಚಾರಿಸುವವರು ಯಾರು? ಈ ಪ್ರಶ್ನೆಯ ಹಿಂದೆ ನೂರು ವರ್ಷಗಳ ಇತಿಹಾಸವಿದೆ.

1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತಿದ್ದ ಅವರು ಬುದ್ಧಿಶಕ್ತಿಯ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಹೊಂದುವಂತೆ ಅಳವಡಿಸಿದರು. 1935ರಲ್ಲಿ ಮನೆಯಿಂದಲೇ 'ಆಕಾಶವಾಣಿ' ಬಾನುಲಿಯನ್ನು ಆರಂಭಿಸಿದವರೂ ಅವರೇ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ಮುನ್ನ, ನಮ್ಮ ಕರಾವಳಿಯ ಕಾಲೇಜುಗಳು ಸೇರಿದ್ದುದೂ ಆ ಮೈಸೂರು ವಿಶ್ವವಿದ್ಯಾನಿಲಯಕ್ಕೇ.

ಆದರೆ ಪರೀಕ್ಷೆಯೆಂಬುದು ಜ್ವರಮಾಪಕದಂತೆ. ಅದು ಜ್ವರವನ್ನು ತೋರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಅಂಕಿಯ ಹಿಂದಿನ ಭಯ, ಮನೆಯ ಕಷ್ಟ, ಒಂಟಿತನ ತಿಳಿಯಬೇಕಾದರೆ ಯಾರಾದರೂ ಕುಳಿತು ಕೇಳಬೇಕು. ಆಪ್ತಸಮಾಲೋಚನೆ ಹುಟ್ಟಿದ್ದು ಈ ಅಗತ್ಯದಿಂದ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಇಂಥ ಕೆಲಸಕ್ಕೆ ತಜ್ಞರನ್ನು ತಯಾರುಮಾಡಿತು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಗೂ ಅದೇ ಮಾರ್ಗದರ್ಶಿ. 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು ಇರಬೇಕೆಂದು 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿತು. ಹಾಗಾಗಿ ಮಿತ್ರರೇ, ನಿಮ್ಮ ಕಾಲೇಜಿನಲ್ಲಿ ಸಮಾಲೋಚಕರು ಯಾರೆಂದು ನಾಳೆಯೇ ಕೇಳಿ ತಿಳಿದುಕೊಳ್ಳಿ. ಪಕ್ಕದ ಬೆಂಚಿನ ಗೆಳೆಯ ಮೌನವಾಗಿದ್ದರೆ, ಅಂಕ ಕೇಳುವ ಮೊದಲು ಅವನನ್ನು ಮಾತನಾಡಿಸಿ.